ಮಗ್ಗದ ನಂಬರಿಲ್ಲದ ಕರಾರು

ಸಹಿ ಎಂಬುದು ಮನುಷ್ಯನ ಅಂತಃಸಾಕ್ಷಿಯ ಲಿಖಿತ ರೂಪ. ನನ್ನ ಅಂತಃಸಾಕ್ಷಿಯನ್ನು ಮಾತ್ರ ಬ್ಯಾಂಕಿನವರು ಹೊಂದಿಕೆಯಾಗುತ್ತಿಲ್ಲವೆಂದು ಎರಡು ಸಲ ಹಿಂದಕ್ಕೆ ಕಳಿಸಿದ್ದಾರೆ.

ಮೊನ್ನೆ ಕೊಲ್ಲಾಪುರದಲ್ಲಿ ಮೊಮ್ಮಗನ ಶಾಲೆಯಿಂದ ಒಂದು ಹಾಳೆ ಬಂತು. ಆಗತಾನೇ ಝೆರಾಕ್ಸ್ ಮಾಡಿದ್ದು. ಬಿಸಿ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮೇಲೆ ಕಲಿಕೆಯ ಕರಾರು ಎಂದಿತ್ತು, ಕೆಳಗೆ ವಿದ್ಯಾರ್ಥಿಯ ಸಹಿ, ಪಾಲಕರ ಸಹಿ. ಆ ವಾಸನೆಗೆ ಇಚಲಕರಂಜಿಯ ನಮ್ಮ ಹಳೆಯ ಗಲ್ಲಿ ನೆನಪಾಯಿತು. ಗಲ್ಲಿಯ ಹಿಂದೆಯೇ ಪಕ್ಕದ ಮನೆಯ ಅಕ್ಕ...

ಗಡಹಿಂಗ್ಲಜ ಕಡೆಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮುಗಿಸಿ ನಾನು ಆಗ ಮಗನ ಹತ್ತಿರ ಇಚಲಕರಂಜಿಗೆ ಬಂದಿದ್ದೆ. ಅಕ್ಕ ಕಬನೂರಿನ ಒಂದು ಕಾರಖಾನೆಯಲ್ಲಿ ಮೆಂಡಿಂಗ್ ಕೆಲಸ ಮಾಡುತ್ತಿದ್ದಳು. ಅಂದರೆ ಪವರ್‌ಲೂಮಿನಿಂದ ಇಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ಗಂಟು, ಕಡಿದ ಎಳೆ, ಕಲೆ ಹುಡುಕಿ ತೆಗೆಯುವುದು. ಮೂವತ್ತು ವರ್ಷ ಬಟ್ಟೆಯ ಮೇಲೆ ಸಂಶಯಪಟ್ಟು ಪಟ್ಟು ಆ ಸಂಶಯ ಬಟ್ಟೆಯಾಚೆಗೂ ಹಬ್ಬಿತ್ತು. ಹಾಲಿನವನು, ಮತ ಕೇಳಲು ಬಂದವರು, ಹವಾಮಾನದ ವರದಿ, ನಾನು... ಯಾರನ್ನೂ ಅವಳು ಬೆಳಕಿಗೆ ಹಿಡಿಯದೆ ಬಿಟ್ಟವಳಲ್ಲ.

ನಂಬಿದ್ದು ಒಂದನ್ನೇ. ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದ್ದಳಲ್ಲ, ಆ ಹುಡುಗಿ ಹತ್ತನೆಯ ತರಗತಿ ದಾಟಿ ನರ್ಸ್ ಕೆಲಸ ಕಲಿಯುತ್ತಾಳೆ, ಹತ್ತಿಯ ಧೂಳು ಅವಳ ಮೂಗಿಗೆ ಹೋಗುವುದಿಲ್ಲ ಎಂಬುದನ್ನು.

ಹುಡುಗಿ ಒಂಬತ್ತನೆಯ ತರಗತಿಗೆ ಹೋಗುವ ವರ್ಷ ಶಾಲೆಯವರು ಒಂದು ಹಾಳೆ ಕೊಟ್ಟರು, ಮರಾಠಿಯದು. ಅಕ್ಕ ಅದನ್ನು ಹಿಡಿದು ನನ್ನ ಕಟ್ಟೆಗೆ ಬಂದು, ಅಕ್ಷರದ ಕೆಳಗೆ ಬೆರಳೆಳೆಯುತ್ತ ತಲೆಬರಹ ಓದಿದಳು.

"ಶಿಕ್ಷಾ... ಕರಾರ. ಏನ್ರಿ ಮಾಸ್ತರ, ನಮ್ಮ ಹುಡುಗಿ ಏನ್ ಕಳವು ಮಾಡ್ಯಾಳ?"

ನೋಡಿದೆ. ಝೆರಾಕ್ಸಿನಲ್ಲಿ 'ಶಿಕ್ಷಣ'ದ ಕೊನೆಯ ಅಕ್ಷರ ಅರ್ಧ ಅಳಿಸಿತ್ತು. ಮರಾಠಿಯ 'ಣ' ಹಾಗೆ ಅಳಿಸಿದರೆ ಹಿಂದಿನ ಕಂಬವೊಂದೇ ಉಳಿಯುತ್ತದೆ. ಕಂಬ ಉಳಿದರೆ ಶಿಕ್ಷಣ ಹೋಗಿ ಶಿಕ್ಷಾ, ಅಂದರೆ ದಂಡನೆ, ಆಗುತ್ತದೆ. ನಾನು ಕನ್ನಡಕ ಸರಿಪಡಿಸಿಕೊಂಡು, ವಿದ್ವತ್ಸಭೆಯಲ್ಲಿ ತೀರ್ಪು ಕೊಡುವವನಂತೆ, "ಶಿಕ್ಷಣ ಅಕ್ಕಾ, ಶಿಕ್ಷಾ ಅಲ್ಲ. ಛಾಪಿನ ತಪ್ಪು" ಎಂದೆ.

"ನಮ್ಮ ಮಾಲಕನೂ ಹಂಗ ಅಂತಾನ್ರಿ, ಯಾದಿಯೊಳಗ ಹಬ್ಬದ ರಜಾ ಕೈಬಿಟ್ಟಾಗ."

ಉಳಿದದ್ದನ್ನು ನಾನೇ ಓದಿದೆ. ಹುಡುಗಿ ದಿನಕ್ಕೆ ಎರಡು ತಾಸು ಅಭ್ಯಾಸ ಮಾಡತಕ್ಕದ್ದು. ಪಾಲಕರು ದಿನವೂ ಅವಳ ಬರಹದ ವಹಿ ನೋಡತಕ್ಕದ್ದು. ಪ್ರಗತಿ ಸಮಾಧಾನಕರವಾಗಿರದಿದ್ದರೆ ಶಾಲೆ 'ಯೋಗ್ಯ ಕಾರವಾಯಿ', ಅಂದರೆ ತಕ್ಕ ಕ್ರಮ, ಕೈಗೊಳ್ಳುವುದು. ಅಕ್ಕ ಹಾಳೆಯನ್ನು ಕಸಿದು ಬಿಸಿಲಿಗೆ ಹಿಡಿದಳು, ತಿರುವಿ ನೋಡಿದಳು.

"ನಂಬರ ಎಲ್ಲೈತ್ರಿ?"

"ಯಾವ ನಂಬರ?"

"ಬಟ್ಟಿ ಸುತ್ತಿದ ತಾಗಾದ ತುದಿಗೆ ಮಗ್ಗದ ನಂಬರ ಬರದಿರ್ತಾರ್ರಿ. ಬಟ್ಟಿಯೊಳಗ ತಪ್ಪು ಸಿಕ್ರ ಯಾರ ನೇದಾರಂತ ಗೊತ್ತಾಗ್ತೈತಿ. ಇದರಾಗ ಹುಡುಗಿ ಸಹಿ ಐತಿ, ನಂದೈತಿ. ನೇಯಾವ್ರದು ಎಲ್ಲೈತಿ? ಗಣಿತದ ಮಾಸ್ತರ ಹೋದ ದೀಪಾವಳಿಯಿಂದ ಇಲ್ಲಂತ."

ಮರುದಿನ ನನ್ನನ್ನೂ ಶಾಲೆಗೆ ಕರೆದುಕೊಂಡು ಹೋದಳು, ತನ್ನ ಕಡೆಗೂ ಓದು ಬರಹವಿದೆ ಎಂಬುದಕ್ಕೆ ಪುರಾವೆಯಾಗಿ. ಮುಖ್ಯೋಪಾಧ್ಯಾಯರು ಸಭ್ಯರು, ಚಹಾ ತರಿಸಿದರು. "ಆಜೀ, ಹೀ ಫಕ್ತ ಔಪಚಾರಿಕತಾ ಆಹೆ" ಎಂದರು. ಬರೀ ಔಪಚಾರಿಕ, ಅಜ್ಜಿ.

"ಔಪಚಾರಿಕ ಇದ್ರ ನೀವೂ ಒಂದ್ ಸಹಿ ಒಗೀರಲಾ ಸರ, ಗಣಿತ ಕಲಸ್ತೇವಿ ಅಂತ."

ಅವರು ಚಹಾದ ಕಪ್ಪನ್ನು ನಮ್ಮ ಕಡೆ ಸರಿಸಿದರು. ಆಮೇಲೆ, ಸಹಿಯಿಲ್ಲದೆ ಒಂಬತ್ತನೆಯ ತರಗತಿಗೆ ಪ್ರವೇಶವಿಲ್ಲ ಎಂದು ಅಷ್ಟೇ ಸಭ್ಯವಾಗಿ ಹೇಳಿದರು. ಅಕ್ಕ ನನ್ನ ಮುಖ ನೋಡಿದಳು. ಜೀವಮಾನವೆಲ್ಲ ಮೇಜಿನ ಆಚೆ ಬದಿಗೆ ಕೂತವನು ನಾನು. ಈಚೆ ಕುರ್ಚಿಯಲ್ಲಿ ಕೂತಿದ್ದೇನೆ ಎಂಬುದೇ ಮರೆತುಹೋಗಿತ್ತು.

"ಮಾಡ್ರಿ ಅಕ್ಕಾ. ಬರೀ ಕಾಗದ ಅದು" ಎಂದೆ.

"ನೀವು ಹೇಳ್ತೀರಂತ ಮಾಡ್ತೇನ್ರಿ" ಎಂದು ಕನ್ನಡದಲ್ಲಿ, ಒಂದೊಂದೇ ಅಕ್ಷರ ನಿಲ್ಲಿಸಿ ನಿಲ್ಲಿಸಿ, ಹೆಸರು ಬರೆದಳು.

ಗಣಿತದ ಮಾಸ್ತರರು ಸಂಕ್ರಾಂತಿಯ ನಂತರ ಒಬ್ಬರು ಬಂದರು, ಹೋಳಿ ಹುಣ್ಣಿಮೆಗೆ ಮೊದಲೇ ಹೋದರು. ಹುಡುಗಿಗೆ ಗಣಿತ ಹತ್ತಲಿಲ್ಲ. ಹೇಗೋ ಹತ್ತನೆಯ ತರಗತಿಗೆ ತಳ್ಳಿದರು, ಜೂನಿನಲ್ಲಿ ಅಕ್ಕನನ್ನು ಕರೆಸಿದರು. ನಾನೂ ಹೋಗಿದ್ದೆ. ಒಂದೂವರೆ ವರ್ಷದಿಂದ ನೆಲೆನಿಲ್ಲುವ ಗಣಿತದ ಮಾಸ್ತರರನ್ನು ಹುಡುಕಲಾಗದ ಆ ಕಚೇರಿ, ಆ ಹಾಳೆಯನ್ನು ಅರ್ಧ ನಿಮಿಷದಲ್ಲಿ ಹುಡುಕಿತು. ಯೋಗ್ಯ ಕಾರವಾಯಿ ಎಂದರೇನೆಂದು ಆಗ ತಿಳಿಯಿತು: ಹದಿನೇಳು ನಂಬರಿನ ಫಾರ್ಮು. ಅದನ್ನು ತುಂಬಿದ ಮಗು ಶಾಲೆಯ ಹಾಜರಿ ಪಟ್ಟಿಯಿಂದ ಹೊರಗೆ. ಪರೀಕ್ಷೆಗೆ ಖಾಸಗಿಯಾಗಿ ಕೂರಬೇಕು. ಪಾಸೋ ಫೇಲೋ, ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಫಾರ್ಮನ್ನು ಆ ವರ್ಷ ಇನ್ನೂ ಹಲವರಿಗೆ ಕೊಟ್ಟಿದ್ದರು. ಮುಖ್ಯೋಪಾಧ್ಯಾಯರು ಅಕ್ಕನ ಕನ್ನಡ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದರು, ಮತ್ತೆ ಚಹಾ ತರಿಸಿದರು.

ಗೇಟಿನ ಹೊರಗೆ ಬಂದು ಅಕ್ಕ ಹೇಳಿದ್ದು ಇಷ್ಟೇ: "ನಂಬರ ಕೇಳಿದ್ನಲ್ರಿ ಮಾಸ್ತರ. ಕೊಟ್ರು ನೋಡ್ರಿ."

ಆ ವರ್ಷವೆಲ್ಲ ಸಂಜೆ ಹುಡುಗಿಗೆ ನಾನೇ ಗಣಿತ ಹೇಳಿಕೊಟ್ಟೆ. ತ್ರಿಕೋನಮಿತಿಯ ಎದುರು ನಾವಿಬ್ಬರೂ ಸಮಾನ ಅಜ್ಞಾನಿಗಳಾಗಿ ಗೌರವದಿಂದ ಕೂತಿರುತ್ತಿದ್ದೆವು. ಅಕ್ಕ ಬಾಗಿಲಲ್ಲಿ ನಿಂತು, ಏನೂ ತಿಳಿಯದಿದ್ದರೂ, ದಿನವೂ ವಹಿ ನೋಡಿ ಹೋಗುತ್ತಿದ್ದಳು. ಕರಾರಿನ ಆ ಒಂದು ಕಲಮನ್ನು ಊರಿನಲ್ಲಿ ಪಾಲಿಸಿದವಳು ಬಹುಶಃ ಅವಳೊಬ್ಬಳೇ...

ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ನನ್ನ ಮಾತಿಗೆ ಅವಳು ಮಾಡಿದ ಸಹಿ ಅದೊಂದೇ. ಅದನ್ನು ವಾಪಸು ಪಡೆಯುವ ಅರ್ಜಿ ಯಾವ ಕಚೇರಿಯಲ್ಲೂ ಸಿಗಲಿಲ್ಲ.

ಹುಡುಗಿ ಆ ವರ್ಷದ ಮಾರ್ಚಿನಲ್ಲಿ ಗಣಿತದಲ್ಲಿ ಫೇಲಾದಳು, ಮತ್ತೆ ಕೂರಲಿಲ್ಲ. ಈಗ ಕಬನೂರಿನ ಅದೇ ಕಾರಖಾನೆಯಲ್ಲಿ ಮೆಂಡಿಂಗ್ ಮಾಡುತ್ತಾಳೆ. ಆ ವರ್ಷ ಶಾಲೆಯ ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ನೂರು.