ಜೂನ್ ತಿಂಗಳ ಡಬ್ಬಿ

ಶೇವಂತಾ ಬಾಯಿ ನಮ್ಮ ಟಾಕಳವಾಡಿ ಶಾಲೆಗೆ ವರ್ಗವಾಗಿ ಬಂದ ದಿನ ನನ್ನನ್ನು ಕೇಳಿದ್ದು ಒಂದು ಸುತ್ತಿಗೆ ಮತ್ತು ಇಪ್ಪತ್ತಾರು ಮೊಳೆ. ಬಾಡಿಗೆ ಖೋಲಿ ಎಲ್ಲಿ ಸಿಗುತ್ತದೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವುದು ಬಿಟ್ಟು ಮೊಳೆ ಕೇಳುವ ಶಿಕ್ಷಕಿಯನ್ನು ನಾನು ಅದೇ ಮೊದಲು ನೋಡಿದ್ದು. ನಮ್ಮದು ಇಬ್ಬರೇ ಇರುವ ಶಾಲೆ. ಮೂರನೇ, ನಾಲ್ಕನೇ ತರಗತಿ ನನ್ನ ಪಾಲಿಗೆ, ಒಂದು ಮತ್ತು ಎರಡು ಆಕೆಯ ಪಾಲಿಗೆ. ಇಪ್ಪತ್ತಾರು ಮಕ್ಕಳಿಗೆ ಇಪ್ಪತ್ತಾರು ಮೊಳೆ, ಪ್ರತಿ ಮೊಳೆಯ ಕೆಳಗೆ ಒಂದು ಹೆಸರು, ಅದಕ್ಕೆ ಚೀಲ ತೂಗುಹಾಕಬೇಕಂತೆ. ನನ್ನ ಮೂವತ್ತನಾಲ್ಕು ವರ್ಷದ ನೌಕರಿಯುದ್ದಕ್ಕೂ ಮಕ್ಕಳ ಚೀಲಗಳು ನೆಲದ ಮೇಲೆ ಬಿದ್ದಿವೆ, ಒಂದಾದರೂ ಸತ್ತಿದ್ದು ನಾನು ಕಂಡಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಸುತ್ತಿಗೆ ಕೊಟ್ಟೆ.

ತಿಂಗಳೊಳಗೆ ಆ ಕೋಣೆಯ ಗುರುತು ಸಿಗದಂತಾಯಿತು. ಪಡಸಾಲೆಯಲ್ಲಿ ಸುಣ್ಣದಿಂದ ಜೋಡಿ ಜೋಡಿ ಪಾದ ಬರೆದಳು, ಚಪ್ಪಲಿ ಅದರ ಮೇಲೆಯೇ ಬಿಡಬೇಕು. ಬಾಗಿಲ ಪಕ್ಕ ಕನ್ನಡಿ, ಬಾಚಣಿಗೆ, ಕೊಬ್ಬರಿ ಎಣ್ಣೆಯ ಬಾಟಲಿ. ಸಾಲಾಗಿ ಹಾಸುತ್ತಿದ್ದ ಗೋಣಿಪಟ್ಟಿಗಳನ್ನು ತೆಗೆದು ಕೋಣೆಯ ಸುತ್ತ ಗುಂಡಗೆ ಹಾಸಿದಳು. ಮೊದಲು ಮೇಲಿನ ಓಣಿಯ ಮಕ್ಕಳು ಮುಂದೆ ಕೂರುತ್ತಿದ್ದರು, ತಾಂಡಾದ ಮಕ್ಕಳು ಗೋಡೆಗೆ ಅಂಟಿ ಹಿಂದೆ. ಹಾಗೆ ಕೂರಿರೆಂದು ನಾನು ಯಾರಿಗೂ ಹೇಳಿರಲಿಲ್ಲ, ಕೂರಬೇಡಿ ಎಂದೂ ಹೇಳಿರಲಿಲ್ಲ. ಗುಂಡಗೆ ಹಾಸಿದ ಮೇಲೆ ಹಿಂದೆ ಎಂಬುದೇ ಉಳಿಯಲಿಲ್ಲ. ಪರೀಕ್ಷೆ ಬರೆಯೋದು ಗೋಡೆಯಲ್ಲ ಬಾಯಿ, ಮಕ್ಕಳು ಎಂದು ನಾನು ಚುಚ್ಚಿದೆ. ಆಕೆ ನಕ್ಕಳು.

ಒಮ್ಮೆ ಚಹಾ ಕುಡಿಯುವಾಗ ತಾನಾಗಿಯೇ ಹೇಳಿಕೊಂಡಳು. ಎಂಟನೇ ವಯಸ್ಸಿನಲ್ಲಿ, ಕಬ್ಬು ಕಡಿಯಲು ಹೋದಲ್ಲಿ ತಾಯಿ ತೀರಿಕೊಂಡಿದ್ದಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಕಾಕಾ ಕರೆದುಕೊಂಡು ಹೋಗಿ ಸರ್ಕಾರಿ ವಸತಿನಿಲಯದಲ್ಲಿ ಬಿಟ್ಟುಬಂದ. “ಪೆಟ್ಟಿಗಿ ಮ್ಯಾಲ ನಲವತ್ತೊಂದಂತ ನಂಬರ್ ಇತ್ರಿ, ಗುರೂಜಿ. ಹತ್ತು ವರ್ಷ ಅದ ನನ್ನ ಹೆಸರು,” ಎಂದಳು. ಅಂದಿನಿಂದ ಮೊಳೆಗಳ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಜುಲೈಯಲ್ಲಿ ಗೋಡೆಗೆ ಹುಟ್ಟುಹಬ್ಬದ ರೈಲು ಬಂತು. ಕಿರಾಣಿ ಅಂಗಡಿಯ ಸಾಬೂನಿನ ರಟ್ಟುಪೆಟ್ಟಿಗೆಗಳನ್ನು ಕತ್ತರಿಸಿ ಹನ್ನೆರಡು ಡಬ್ಬಿ ಮಾಡಿ ಗೋಡೆಯುದ್ದಕ್ಕೂ ಅಂಟಿಸಿದಳು. ಒಂದೊಂದು ತಿಂಗಳಿಗೆ ಒಂದೊಂದು ಡಬ್ಬಿ, ಆ ತಿಂಗಳು ಹುಟ್ಟಿದ ಮಕ್ಕಳ ಹೆಸರಿನ ಚೀಟಿ ಅದರ ಕಿಟಕಿಯಲ್ಲಿ. ಹುಟ್ಟಿದ ತಾರೀಖಿಗಾಗಿ ನನ್ನ ಕಪಾಟಿನಿಂದ ದಾಖಲಾತಿ ಪುಸ್ತಕ ಒಯ್ದಳು. ಮರುದಿನ ಇಪ್ಪತ್ತಾರು ಚೀಟಿಗಳಲ್ಲಿ ಇಪ್ಪತ್ತಮೂರು ಜೂನ್ ಡಬ್ಬಿಯಲ್ಲಿದ್ದವು. ಅದೇ ಡಬ್ಬಿಯಲ್ಲಿ ತನ್ನ ಹೆಸರನ್ನೂ ಅಂಟಿಸಿಕೊಂಡಿದ್ದಳು. ಎರಡನೇ ತರಗತಿಯ ದುರ್ಪದಾ ಎಂಬ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಬಾಯಿ, ಎಲ್ಲಾರೂ ಒಂದ ಡಬ್ಯಾಗ ಹತ್ಯಾರ. ಗಾಡಿ ಮಗಚಿ ಬೀಳತೈತಿ,” ಎಂದಳು.

ಕೋಣೆಯೆಲ್ಲ ನಕ್ಕಿತು. ಪಕ್ಕದ ಕೋಣೆಯಲ್ಲಿ ನಾನೂ ನಕ್ಕೆ. ಆದರೆ ಆ ದಾಖಲಾತಿ ಪುಸ್ತಕದ ಅಕ್ಷರ ನನ್ನದು. ಜೂನ್ ಮಧ್ಯಕ್ಕೆ ಶಾಲೆ ಶುರು, ಅಷ್ಟರಲ್ಲಿ ಮಗುವಿಗೆ ವಯಸ್ಸು ತುಂಬಿರಬೇಕು, ಜೂನ್ ಒಂದು ಎಂದು ಬರೆದರೆ ಲೆಕ್ಕ ಸುಲಭ. ನಮ್ಮ ಭಾಗದ ಎಲ್ಲ ಗುರೂಜಿಗಳೂ ಹಾಗೇ ಬರೆದರು. ಆ ದಿನ ಶಾಲೆಗೆ ಬೇಸಿಗೆ ರಜೆ. ಹಾಗಾಗಿ ನಮ್ಮ ಶಾಲೆಯಲ್ಲಿ ಯಾವ ಮಗುವಿನ ಹುಟ್ಟುಹಬ್ಬವೂ ಎಂದೂ ಬಂದದ್ದಿಲ್ಲ.

ಆಕೆ ಹಳೆಯ ಪಂಚಾಂಗಗಳಿವೆಯೇ ಎಂದು ಮಾತ್ರ ಕೇಳಿದಳು. ಅವನ್ನು ಬಗಲಿಗಿಟ್ಟುಕೊಂಡು ದಿನಾ ಶಾಲೆ ಬಿಟ್ಟ ಮೇಲೆ ಮನೆಮನೆಗೆ ಹೊರಟಳು. ತಾಯಂದಿರಿಗೆ ತಾರೀಖು ಗೊತ್ತಿರಲಿಲ್ಲ, ಉಳಿದದ್ದೆಲ್ಲ ಗೊತ್ತಿತ್ತು. ಪೋಳಾ ಹಬ್ಬದ ದಿನ, ಎತ್ತಿನ ಕೊಂಬಿಗೆ ಬಣ್ಣ ಬಳಿಯುವಾಗ ನೋವು ಶುರುವಾಯಿತು ಎಂದಳು ಒಬ್ಬಳು. ಹಸಿ ಜೋಳದ ಸೀತನಿ ಸುಡುವ ಕಾಲ, ಅಮಾವಾಸ್ಯೆಗೆ ಎರಡು ದಿನ ಉಳಿದಿತ್ತು ಎಂದಳು ಇನ್ನೊಬ್ಬಳು. ತಾಂಡಾದ ಒಬ್ಬಾಕೆ ಶೇವಂತಾ ಬಾಯಿಯ ಕೈ ಹಿಡಿದುಕೊಂಡು ಹೆರಿಗೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ ಎಂದು ಅತ್ತಳಂತೆ. ಶೇವಂತಾ ಬಾಯಿ ಪಂಚಾಂಗ ತಿರುವಿ ತಾರೀಖು ಹುಡುಕಿ, ಮರುದಿನ ಒಂದೊಂದೇ ಚೀಟಿಯನ್ನು ಅದರದರ ಡಬ್ಬಿಗೆ ಹತ್ತಿಸುವಳು.

ಹುಟ್ಟುಹಬ್ಬ ಬಂದ ಮಗು ಗುಂಡಗಿನ ಸಾಲಿನ ನಡುವೆ ಕೂರುತ್ತಿತ್ತು, ತಾಯಿ ಬಂದು ಆರತಿ ಎತ್ತುತ್ತಿದ್ದಳು. ಬರಬರುತ್ತ ಬೇರೆ ತಾಯಂದಿರೂ ಬಂದು ಕೂರತೊಡಗಿದರು. ತಾಂಡಾದಾಕೆ ಬೆಲ್ಲದ ಶಿರಾ ತಂದ ದಿನ ಮೇಲಿನ ಓಣಿಯ ಒಬ್ಬಳು ಉಪವಾಸ ಎಂದು ಮುಖ ತಿರುಗಿಸಿದಳು. ಅದೇ ಹೆಂಗಸು ಮುಂದಿನ ತಿಂಗಳು ಅದೇ ಪಾತ್ರೆಗೆ ಕೈ ಚಾಚಿ, ಇನ್ನೊಂದಿಷ್ಟು ಹಾಕು ಎಂದಳು. ನಾನು ಇಷ್ಟು ವರ್ಷ ಸಮಾನತೆಯ ಮೇಲೆ ಭಾಷಣ ಮಾಡಿದವನು. ಬಾಯಿ ಮುಚ್ಚಿಕೊಂಡು ಶಿರಾ ತಿಂದೆ.

ಎಲ್ಲರೂ ಹೋದ ಮೇಲೆ ಆಕೆಯೊಬ್ಬಳೇ ಕಸ ಗುಡಿಸಿ, ಹೂವಿನ ಎಸಳು ಎತ್ತಿ, ಆ ಖಾಲಿ ಕೋಣೆಯಲ್ಲಿ ಹೊತ್ತು ಮುಳುಗುವವರೆಗೆ ಕೂತಿರುತ್ತಿದ್ದಳು. ಹಿಟ್ಟಿನ ಗಿರಣಿಯ ಹಿಂದಿನ ಬಾಡಿಗೆ ಖೋಲಿಯಲ್ಲಿ ಆಕೆಗಾಗಿ ಕಾಯುವವರು ಯಾರೂ ಇರಲಿಲ್ಲ. ಆಕೆ ಹಾಗೆ ಕೂರುವುದು ನನಗೆ ಗೊತ್ತಾದದ್ದು ನಾನೂ ಪಕ್ಕದ ಕೋಣೆಯಲ್ಲಿ ಹಾಗೇ ಕೂತಿರುತ್ತಿದ್ದುದರಿಂದ. ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು, ಮಕ್ಕಳಿಲ್ಲ. ಒಂದೇ ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು, ಇಬ್ಬರೂ ಕೆಲಸವಿದ್ದವರ ಹಾಗೆ ಕಾಗದ ತಿರುವುತ್ತಿದ್ದೆವು.

ಫೆಬ್ರವರಿಯ ಹೊತ್ತಿಗೆ ಇಪ್ಪತ್ತಮೂರು ಮಕ್ಕಳೂ ಜೂನ್ ಡಬ್ಬಿಯಿಂದ ಇಳಿದಿದ್ದರು. ನಿಜವಾಗಿ ಜೂನ್‌ನಲ್ಲಿ ಹುಟ್ಟಿದ ಮಗು ಒಂದೂ ಸಿಗಲಿಲ್ಲ. ಅಲ್ಲಿ ಉಳಿದದ್ದು ಒಂದೇ ಚೀಟಿ, ಶೇವಂತಾ. ಬಾಯಿ, ನೀವೂ ನಿಮ್ಮ ಅವ್ವನನ್ನು ಕೇಳಿ ಇಳಿಯಿರಿ ಎಂದು ದುರ್ಪದಾ ಹೇಳಿದಳಂತೆ. ಅದೇ ಸಂಜೆ ಆಕೆ ನನ್ನ ಮೇಜಿನ ಮುಂದೆ ಬಂದು ನಿಂತಳು, ಕೈಯಲ್ಲಿ ಮಡಚಿ ಮಡಚಿ ಹರಿದ ಒಂದು ಕಾಗದ. ಖಡಕವಾಡಿ ಶಾಲೆ ಬಿಟ್ಟದ್ದಕ್ಕೆ ಕೊಟ್ಟ ಆಕೆಯ ದಾಖಲೆ. ಹುಟ್ಟಿದ ದಿನ ಜೂನ್ ಒಂದು. ಕೆಳಗಿನ ಸಹಿ ನನ್ನದು. ಹಿಂದೆ ನಾನು ಮೂರು ವರ್ಷ ಆ ಊರ ಶಾಲೆಯಲ್ಲಿದ್ದೆ, ಆಕೆಯ ಗುರುತು ನನಗೆ ಉಳಿದಿರಲಿಲ್ಲ.

ಬಂದ ದಿನವೇ ಆಕೆ ನನ್ನ ಸಹಿ ಗುರುತಿಸಿದ್ದಳು. ಎಲ್ಲರದೂ ಮುಗಿದ ಮೇಲೆ ತನ್ನದು ಕೇಳೋಣವೆಂದು ಎಂಟು ತಿಂಗಳು ತಡೆದುಕೊಂಡಿದ್ದಳು.

“ನನ್ನ ಹೆಸರು ಹಚ್ಚಾಕ ಅವ್ವನ ಬಂದಿದ್ಲಂತ, ಕಾಕಾ ಹೇಳಿದ್ದ. ನಿಮ್ಮ ಮುಂದ ಕುಂತಿದ್ಲಂತ,” ಎಂದಳು. “ನಾ ಯಾವಾಗ ಹುಟ್ಟಿದ್ದಂತ ಏನರ ಹೇಳಿದ್ಲೇನ್ರಿ, ಗುರೂಜಿ?”

ಆ ದಿನ ನನಗೆ ನೆನಪಿದೆ. ತಪಾಸಣೆಯ ಸಾಹೇಬರು ಬರುವುದರೊಳಗೆ ನಲವತ್ತು ಹೆಸರು ತುಂಬಬೇಕಿತ್ತು. ಬೇವಿನ ಮರದ ಕೆಳಗೆ ಮೇಜು, ಮುಂದೆ ಹೆಂಗಸರ ಸಾಲು. ಮಗುವಿನ ಹೆಸರು, ಅಪ್ಪನ ಹೆಸರು, ಹೆಬ್ಬೆಟ್ಟು, ಮುಂದೆ ಬರ್ರಿ. ಒಂದು ಮುಖವೂ ನೆನಪಿಲ್ಲ. ಆದರೆ ಎದುರಿಗಿದ್ದ ಈ ಮುಖವನ್ನು ನನ್ನಿಂದ ನೋಡಲಾಗಲಿಲ್ಲ.

“ಹೇಳಿದ್ಲು ಬಾಯಿ,” ಎಂದುಬಿಟ್ಟೆ. “ಪೋಳಾದ ಮರುದಿನ ಅಂದಿದ್ಲು. ಮುಂಜಾನೆ.”

ಮೂವತ್ತು ವರ್ಷದ ಹೆಂಗಸು ಒಂದೇ ಕ್ಷಣಕ್ಕೆ ಮಗುವಾಗಿಬಿಟ್ಟಳು. ಪೋಳಾದ ಮರುದಿನ, ಮುಂಜಾನೆ ಎಂದು ಎರಡು ಸಲ ತನ್ನಷ್ಟಕ್ಕೇ ಹೇಳಿಕೊಂಡಳು. ಪಂಚಾಂಗ ತರಲು ತಿರುಗಿದವಳು ನಿಂತಳು. ಕೈಯಲ್ಲಿದ್ದ ಕಾಗದವನ್ನೊಮ್ಮೆ ನೋಡಿದಳು, ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಹಂಗಾದ್ರ ಜೂನ್ ಒಂದಂತ ಯಾಕ ಬರದ್ರಿ, ಗುರೂಜಿ?”

 

“ಸುಳ್ಳ ಹೇಳಿದೆ,” ಎಂದೆ. “ಆಕಿ ಏನೂ ಹೇಳ್ಲಿಲ್ಲ. ನಾ ಕೇಳ್ಲೇ ಇಲ್ಲ.”

ಆಕೆ ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಚಿದಳು. ಅವ್ವ ನೋಡಲು ಹೇಗಿದ್ದಳು, ಅಷ್ಟಾದರೂ ನೆನಪಿದೆಯೇ ಎಂದು ಕೇಳಿದಳು. ತಲೆ ಎತ್ತಿ ನೋಡಿರಲಿಲ್ಲ ಎಂದು ಅದನ್ನೂ ಹೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಹೊರಟುಹೋದಳು, ಆಮೇಲೆ ಗೋಡೆಯಾಚೆ ಕಸಬರಿಗೆಯ ಸದ್ದು ಕೇಳಿತು. ಆ ಕೋಣೆಯನ್ನು ಆಗಲೇ ಒಮ್ಮೆ ಗುಡಿಸಿಯಾಗಿತ್ತು.

ನಾನು ಅಲ್ಲೇ ಕೂತಿದ್ದೆ. ನನ್ನದೂ ಜೂನ್ ಒಂದೇ. ನನ್ನ ಗುರೂಜಿ ಬರೆದದ್ದು. ಅದರ ಲೆಕ್ಕದಲ್ಲೇ ಈ ಮೇ ಕೊನೆಗೆ ನಾನು ನಿವೃತ್ತನಾಗಬೇಕಿತ್ತು. ಒಂದು ದಿನವೂ ಅದು ನನ್ನನ್ನು ಬಾಧಿಸಿರಲಿಲ್ಲ. ನನಗೆ ನಲವತ್ತೆರಡು ತುಂಬುವವರೆಗೆ ನನ್ನ ತಾಯಿ ಬದುಕಿದ್ದಳು. ಅವಳಿಗೆ ಆ ದಿನ, ಆ ಹೊತ್ತು ಎಲ್ಲ ಗೊತ್ತಿದ್ದಿರಬೇಕು. ದಿನಾ ಅವಳ ಕೈಯ ಭಾಕರಿ ತಿಂದೆ, ಅವಳನ್ನೂ ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬೇಗ ಹೋಗಿ ರಟ್ಟು ಕತ್ತರಿಸಿ ಭಾನುದಾಸ ಎಂದು ನನ್ನ ಹೆಸರು ಬರೆದು, ಆ ಗೋಡೆಯ ಮೇಲೆ ಮೊದಲ ಸಲ ಅಂಟು ಹಚ್ಚಿದೆ. ಜೂನ್ ಡಬ್ಬಿಯಲ್ಲಿ, ಆಕೆಯ ಚೀಟಿಯ ಪಕ್ಕದಲ್ಲಿ. ಕನ್ನಡಿ ಒರೆಸುವ ಪಾಳಿ ಅಂದು ದುರ್ಪದಾಳದು. ಬಟ್ಟೆ ಹಿಡಿದುಕೊಂಡೇ ಹತ್ತಿರ ಬಂದು ಅಕ್ಷರ ಕೂಡಿಸಿ ಓದಿದಳು. “ನಿಮ್ಮ ಅವ್ವ ಇದ್ದಾಗ ಕೇಳ್ಲಿಲ್ಲೇನ್ರಿ, ಗುರೂಜಿ?”

“ಇಲ್ಲವ್ವ,” ಎಂದೆ. “ಕೇಳಬೇಕಿತ್ತು.”

ಶೇವಂತಾ ಬಾಯಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಕಣ್ಣು ಊದಿಕೊಂಡಿದ್ದವು. ಬಂದು ಆ ಚೀಟಿಯನ್ನು ಓದಿದಳು. ನಾನು ಸೊಟ್ಟಗೆ ಅಂಟಿಸಿದ್ದನ್ನು ಮೆಲ್ಲಗೆ ಬಿಡಿಸಿ, ತನ್ನ ಹೆಸರಿನ ಸಾಲಿಗೆ ನೆಟ್ಟಗೆ ಮಾಡಿ, ಅಂಟು ಹಿಡಿಯುವವರೆಗೆ ಅಂಗೈಯಿಂದ ಒತ್ತಿ ಹಿಡಿದಳು. ಆಮೇಲೆ ಹಾಜರಿ ಕರೆಯಲು ಕೂತಳು.