ಹಸಿರು ಚಕ್ರದ ಮಾವ

ಟಿಂಗ್! ನಮ್ಮ ಮೇಲಿನ ಮಹಡಿಯ ಮನೆಯಿಂದ ಈ ಸದ್ದು ಕೇಳಿದರೆ, ಬೀದಿಯವರೆಲ್ಲ ಲಿಮಿಟ್ ಮಾವ ಎನ್ನುವ ನಮ್ಮ ನೆರೆಯವರ ಕ್ರೆಡಿಟ್ ಕಾರ್ಡಿನಲ್ಲಿ ಏನೋ ಖರ್ಚಾಯಿತೆಂದು ಅರ್ಥ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಮೂವತ್ನಾಲ್ಕು ವರ್ಷ ಕೂತು ನಿವೃತ್ತರಾದ ಅವರು ಈಗ ಮೊಬೈಲಿನ ಲೆಕ್ಕದ ಆ್ಯಪ್‌ನಲ್ಲೇ ವಾಸ. ಖರ್ಚು ಕಾರ್ಡಿನ ಮಿತಿಯಲ್ಲಿ ನೂರಕ್ಕೆ ಮೂವತ್ತು ದಾಟಿದರೆ ಆ ಆ್ಯಪ್‌ನ ಹಸಿರು ಚಕ್ರ ಕೆಂಪಾಗುತ್ತದೆ, ಜೊತೆಗೆ ಮಾವನ ಮುಖವೂ. ಒಂದು ಸೋಪು ಕೊಂಡರೂ ಅಂಗಡಿಯ ಮೆಟ್ಟಿಲ ಮೇಲೇ ನಿಂತು ಚಕ್ರ ನೋಡುತ್ತಾರೆ. ಅತ್ತೆ ಅಡುಗೆಗೆ ಉಪ್ಪು ಹೆಚ್ಚು ಹಾಕಿದರೆ "ಲಿಮಿಟ್ ದಾಟ್ತು ಕಣೇ" ಎನ್ನುತ್ತಾರೆ. ನಾನು ಜೋರಾಗಿ ನಕ್ಕರೆ, "ಇವತ್ತಿಗೆ ಇಪ್ಪತ್ತೆಂಟಾಯ್ತು, ನೋಡ್ಕೊಂಡು ನಗಮ್ಮ." ಎರಡನೇ ಕಾರ್ಡಿನ ಟಿಂಗಿಗೆ ಮಾತ್ರ ಅವರ ಮುಖ ಅರಳುತ್ತದೆ. ಅದು, ಜಗಳವಾಡಿ ದೂರದ ಊರಿಗೆ ಹೋಗಿ ಎರಡು ವರ್ಷದಿಂದ ಮಾತು ಬಿಟ್ಟಿರುವ ಮಗಳ ಬಳಿ ಉಳಿದಿರುವ, ಮಾವನ ಖಾತೆಯದೇ ಕಾರ್ಡು. ಕೈತುಂಬ ಸಂಬಳವಿದ್ದರೂ ಅವಳು ತಿಂಗಳಿಗೊಮ್ಮೆ ಅದನ್ನು ಉಜ್ಜುತ್ತಾಳೆ. "ಕೊಡೆ ಅಂಗಡಿ! ಅಲ್ಲಿ ಮಳೆ ಶುರುವಾಗಿದೆ" ಎಂದು ಮಾವ ಬೀದಿಗೆಲ್ಲ ಸಾರುತ್ತಾರೆ. "ಫೋನ್ ಮಾಡಿ ಕೇಳೋಕಾಗಲ್ಲ, ಬಿಲ್ ಓದ್ತಾರೆ" ಎಂದು ಗೊಣಗುವ ಅತ್ತೆಯೂ ಆಗ ಕನ್ನಡಕ ಹುಡುಕುತ್ತಾರೆ. ಇವತ್ತು ಬೆಳಿಗ್ಗೆ ಮಾವ ಮೆಟ್ಟಿಲಲ್ಲಿ ಸಿಕ್ಕಾಗ ಮತ್ತೆ ಟಿಂಗ್ ಎಂದಿತು. ಚಕ್ರ ಕೆಂಪಾದದ್ದು ನನಗೆ ಕಂಡಿತು, ಅವರಿಗೆ ಕಾಣಲೇ ಇಲ್ಲ. "ಬಸ್ ಟಿಕೆಟ್ಟು, ನಾನೂರ ಹದಿನೇಳು! ಅಲ್ಲಿಂದ ನಮ್ಮೂರಿಗೆ ಬಿಟ್ರೆ ಇನ್ಯಾವ ಊರಿಗೂ ಆ ರೇಟಿಲ್ಲಮ್ಮ. ಹತ್ತರ ಬಸ್ಸು ಹಿಡಿದ್ರೆ ಸಂಜೆ ಐದಕ್ಕೆಲ್ಲಾ..." ಎನ್ನುತ್ತಲೇ, ಒಂದು ಕಾಲಿಗೆ ಅತ್ತೆಯ ಚಪ್ಪಲಿ ಮೆಟ್ಟಿಕೊಂಡು, ನಿಲ್ದಾಣದ ಕಡೆ ಹೊರಟೇಬಿಟ್ಟರು.