ದೂತಾವಾಸದ ಟೈಪಿಸ್ಟ್ ಹೇಳದ ಮಾತು

ಪುಣೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ನನಗೆ ಸಿಕ್ಕ ಒಬ್ಬರೇ ಜೀವಂತ ಸಾಕ್ಷಿಯೆಂದರೆ ಸದಾಶಿವ ಪೇಠದ ಒಬ್ಬ ಹಿರಿಯರು. ನೆರೆಯ ದೇಶವೊಂದು ಅಲ್ಲಿ ನೆಲೆಸಿದ್ದ ಭಾರತೀಯರನ್ನು ಹೊರಹಾಕಿದಾಗ ನಮ್ಮ ಸರ್ಕಾರ ಹೇಗೆ ನಡೆದುಕೊಂಡಿತು ಎಂಬುದು ನನ್ನ ವಿಷಯ. ಕಡತಗಳಲ್ಲಿ ಒಣ ಸಾಲುಗಳ ಹೊರತು ಏನೂ ಇರಲಿಲ್ಲ. ಈ ಹಿರಿಯರು ಧಾರವಾಡದ ಕಡೆಯವರು, ಆಗ ಅಲ್ಲಿನ ನಮ್ಮ ದೂತಾವಾಸದಲ್ಲಿ ಟೈಪಿಸ್ಟ್ ಆಗಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಮೂರು ಭಾನುವಾರ ಅವರು ಊರಿನ ಸುದ್ದಿಯನ್ನೇ ಆಡಿದರು. ನಾಲ್ಕನೆಯ ಭಾನುವಾರ, ಕೇಳದೆಯೇ, ಒಬ್ಬ ಹೆಂಗಸಿನ ವಿಷಯ ಎತ್ತಿದರು.

"ಪ್ರವಾಸದ ಕಾಗದಕ್ಕ ಹತ್ತು ದಿನಾ ಬಂದ್ಲು, ತಂಗಿ. ಕಂಕುಳಾಗ ಕೂಸು. ಹತ್ತೂ ದಿನಾ ನಾ ನಾಳಿ ಬರ್ರಿ ಅಂದೆ. ಹನ್ನೊಂದನೇ ದಿನಾ ಬರ್ಲಿಲ್ಲ. ಆಕಿ ಕಾಗದ ಸಹಿ ಆಗಿ ನನ್ನ ಡ್ರಾಯರ್‌ದಾಗ ಇತ್ತು. ಸಾಹೇಬ್ರು ತಾವು ಊರಿಂದ ಬರೂತನಕಾ ಯಾರಿಗೂ ಕೊಡಬ್ಯಾಡ ಅಂದಿದ್ರು."

ಧ್ವನಿಮುದ್ರಿಸಿಕೊಂಡಿದ್ದ ಇದನ್ನು ಹಾಗೆಯೇ ಬರೆದು ನನ್ನ ಮಾರ್ಗದರ್ಶಕರಿಗೆ ಕೊಟ್ಟೆ. ಅವರು ಬೆಂಗಳೂರಿನವರು, ವಿದೇಶಾಂಗ ನೀತಿಯಲ್ಲಿ ದೊಡ್ಡ ಹೆಸರು. ಬಾಕರವಡಿ ತಿನ್ನುತ್ತಲೇ ಓದಿದರು. ಕೂಸಿನ ಮಾತು ಬರುವಲ್ಲಿ ಅವರ ಹೆಬ್ಬೆರಳಿನ ಎಣ್ಣೆ ಕಾಗದಕ್ಕೆ ಹತ್ತಿತು.

"ಇದೆಲ್ಲ ಬಿಟ್ಬಿಡಮ್ಮ. ಒಬ್ಬ ಗುಮಾಸ್ತನ ಗೊಣಗಾಟ ಇದು. ಸೆಮಿನಾರಿಗೆ ದೆಹಲಿಯಿಂದ ದೊಡ್ಡೋರು ಬರ್ತಿದಾರೆ. ಅವರ ಮುಂದೆ ಇದನ್ನ ಓದೋಕಾಗುತ್ತಾ?"

ತಲೆಯಾಡಿಸಿ ಎದ್ದು ಬಂದೆ. ಆ ಪುಟಗಳು ಅವರ ಬಳಿಯೇ ಉಳಿದವು.

ಸೆಮಿನಾರು ವಿಮಾನ ನಗರದ ಹೋಟೆಲೊಂದರಲ್ಲಿ ನಡೆಯಿತು. ಕಾಕಾ ಬರಬೇಕೆಂದು ಹಟ ಮಾಡಿ ರಿಕ್ಷಾದಲ್ಲಿ ಕರೆದೊಯ್ದವಳು ನಾನೇ. ಇಸ್ತ್ರಿ ಮಾಡಿದ ಕೋಟು ತೊಟ್ಟು ಅವರು ಎರಡನೇ ಸಾಲಿನಲ್ಲಿ ಕೂತರು. ಮಾರ್ಗದರ್ಶಕರು ತಮ್ಮ ಇಂಗ್ಲಿಷ್ ಪ್ರಬಂಧ ಓದತೊಡಗಿದರು. ಅದರಲ್ಲಿ ನನ್ನ ಸಂದರ್ಶನ ಬಂತು. ಆದರೆ ಅದರ ಮಾತನ್ನೇ ತಿರುಚಲಾಗಿತ್ತು. ಟೈಪಿಸ್ಟ್ ಹತ್ತೇ ದಿನದಲ್ಲಿ ಕಾಗದವನ್ನು ಆ ತಾಯಿಯ ಕೈಗಿಟ್ಟನಂತೆ. ಅವಳು ದೂತಾವಾಸದ ಬಾಗಿಲಿಗೆ ಕೈಮುಗಿದು ಹೋದಳಂತೆ. ಸಭೆ ಚಪ್ಪಾಳೆ ತಟ್ಟಿತು. ನನ್ನ ಕೈಗಳೂ ತಟ್ಟಿದವು. ಅದನ್ನು ನೆನೆದರೆ ಇಂದಿಗೂ ನನ್ನ ಕೈಗಳ ಬಗ್ಗೆಯೇ ಹೇಸಿಗೆಯಾಗುತ್ತದೆ.

ಕಾಕಾ ಎದ್ದು ನಿಂತರು. ಗಾಬರಿಯಲ್ಲಿ ಕನ್ನಡವೇ ಬಂತು.

"ಸರ್, ನಾ ಹಂಗ ಹೇಳಿಲ್ರೀ. ಆಕಿಗೆ ನಾ ಕಾಗದಾ ಕೊಟ್ಟಿಲ್ಲ."

ಮಾರ್ಗದರ್ಶಕರು ಒಂದು ಕ್ಷಣ ಅವರನ್ನು ನೋಡಿದರು. ಆಮೇಲೆ ನಸುನಗುತ್ತ ಸಭೆಗೆ ಇಂಗ್ಲಿಷಿನಲ್ಲಿ ಹೇಳಿದರು: ಹಿರಿಯರಿಗೆ ಹಳೆಯದೆಲ್ಲ ನೆನಪಾಗಿ ಗಂಟಲು ಕಟ್ಟಿದೆ, ನಮಗೆಲ್ಲ ಧನ್ಯವಾದ ಹೇಳುತ್ತಿದ್ದಾರೆ. ಮತ್ತೆ ಚಪ್ಪಾಳೆ. ಕಾಕಾ ಇಂಗ್ಲಿಷಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಊಟದ ಬಿಡುವು ಸಾರಿದರು. ಕುರ್ಚಿಗಳು ಸದ್ದು ಮಾಡಿದವು, ಜನ ತಟ್ಟೆಗಳತ್ತ ನಡೆದರು. ಅವರಿಬ್ಬರನ್ನು ಬಿಟ್ಟರೆ ಆ ಸಭೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಮಾತು ತಿಳಿದಿದ್ದವಳು ಬಹುಶಃ ನಾನೊಬ್ಬಳೇ. ಕೂತಲ್ಲೇ ಕೂತಿದ್ದೆ.

ನಾವಿಬ್ಬರೂ ಊಟ ಮಾಡಲಿಲ್ಲ. ಮರಳುವಾಗ ರಿಕ್ಷಾದಲ್ಲಿ ಕಾಕಾ ಕೇಳಿದರು:

"ನೀ ಯಾಕ ಸುಮ್ಮನ ಕೂತಿದ್ದಿ, ತಂಗಿ?"

"ಅವರ ಸಹಿ ಇಲ್ಲದ ನನ್ನ ಪ್ರಬಂಧ ಮುಂದ ಹೋಗೂದಿಲ್ರೀ, ಕಾಕಾ."

ಅವರು ರಸ್ತೆಯತ್ತ ಮುಖ ತಿರುಗಿಸಿದರು. "ನಾನೂ ಹಂಗ ಅಂತಿದ್ದೆ," ಎಂದರು. "ಸಾಹೇಬ್ರ ಮಾತು ಮೀರಿದ್ರ ನನ್ನ ನೌಕರಿ ಉಳೀತದೇನು ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಸ್ನಾನ ಮಾಡಿದೆ, ಅದರಿಂದೇನೂ ಆಗಲಿಲ್ಲ. ಮರುದಿನ ಧ್ವನಿಮುದ್ರಣದ ಪ್ರತಿಯೊಂದಿಗೆ ವಿಭಾಗಕ್ಕೆ ದೂರು ಬರೆದು ಬೇರೆ ಮಾರ್ಗದರ್ಶಕರನ್ನು ಕೇಳಿದೆ. ಸಮಿತಿ ಕೂತಿತು. ಇದು ಅನುವಾದದಲ್ಲಾದ ಸಣ್ಣ ವ್ಯತ್ಯಾಸ ಎಂದು ತೀರ್ಮಾನಿಸಿತು. ಸಮಿತಿಯ ಒಬ್ಬ ಮೇಡಂ ಹೊರಗೆ ನನ್ನ ಹೆಗಲು ತಟ್ಟಿ, ಇಷ್ಟು ಸಣ್ಣದಕ್ಕೆ ಭವಿಷ್ಯ ಕೆಡಿಸಿಕೊಳ್ಳಬೇಡ ಎಂದರು. ಆ ಕೈಯನ್ನು ಹೆಗಲಿನಿಂದ ಸರಿಸಿದೆ. ಅವತ್ತು ನಾನು ತೋರಿದ ಧೈರ್ಯ ಅಷ್ಟೇ.

ಬೇರೆ ಮಾರ್ಗದರ್ಶಕಿ ಸಿಕ್ಕರು. ಕೆಲಸ ಎರಡು ವರ್ಷ ಹಿಂದೆ ಬಿತ್ತು. ಅಷ್ಟರಲ್ಲಿ ಹಳೆಯ ಮಾರ್ಗದರ್ಶಕರು ಸೆಮಿನಾರಿನಲ್ಲಿ ಓದಿದ್ದೇ ಲೇಖನವಾಗಿ ಅಚ್ಚಾಗಿ, ಹಲವರು ಅದನ್ನು ಆಧಾರವಾಗಿ ಬಳಸತೊಡಗಿದ್ದರು. ನನ್ನ ಪ್ರಬಂಧದಲ್ಲೂ ಅದನ್ನು ಸೇರಿಸಬೇಕೆಂದು ಪರೀಕ್ಷಕರು ಪಟ್ಟುಹಿಡಿದರು. ಸೇರಿಸಿದೆ. ಕೆಳಗೆ, ಸಾಕ್ಷಿದಾರರು ಈ ಮಾತನ್ನು ಆಡಿಲ್ಲ ಎಂದು ಟಿಪ್ಪಣಿ ಬರೆದೆ. ಸಣ್ಣಕ್ಷರದ ಆ ಟಿಪ್ಪಣಿಯನ್ನು ಯಾರು ಓದುತ್ತಾರೆ?

ಪ್ರಬಂಧ ಒಪ್ಪಿಗೆಯಾದ ಮೇಲೆ ಒಂದು ಪ್ರತಿ ಹಿಡಿದು ಕಾಕಾ ಮನೆಗೆ ಹೋದೆ. ಅವರು ಭೂತಗನ್ನಡಿ ತರಿಸಿಕೊಂಡು ತಮ್ಮ ಮಾತಿರುವ ಪುಟಗಳನ್ನು ನಿಧಾನವಾಗಿ ಓದಿದರು. ನಾನು ಚಹಾ ಮುಟ್ಟದೆ ಕಾದೆ. ಕೊನೆಗೆ ಪೆನ್ಸಿಲ್ ಕೇಳಿ ಒಂದು ಪದದ ಕೆಳಗೆ ಗೆರೆ ಎಳೆದರು.

"ಇಲ್ಲೊಂದು ಅಕ್ಷರ ಬಿಟ್ಟದ ನೋಡು. ಉಳದದ್ದು ಬರೋಬ್ಬರಿ ಅದ."

ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಎಂದು ಕೇಳುವ ಮುಖ ನನಗಿರಲಿಲ್ಲ. ಆರಿದ ಚಹಾ ಕುಡಿದು ಎದ್ದು ಬಂದೆ.